ಓದುಗರ ಪ್ರಶ್ನೆ: ಸೂರ್ಯಾಸ್ತದ ಕೆಂಪು ಫೋಟೋದಲ್ಲಿ ಏಕೆ ಬಿಳಿಚುತ್ತದೆ?

ಪ್ರಶ್ನೆ: ಪುಣೆಯ ವೇತಾಳ ಟೇಕಡಿಯ ಮೇಲಿಂದ ಸೂರ್ಯಾಸ್ತ ತೆಗೆಯುತ್ತೇನೆ. ಕಣ್ಣಿಗೆ ಕಂಡ ಕೆಂಪು ಫೋಟೋದಲ್ಲಿ ಬರುವುದಿಲ್ಲ, ಆಕಾಶ ಬಿಳಿಚಿಕೊಳ್ಳುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಕೋಥರೂಡ್

ಉತ್ತರ: ಕಾರಣ ಎರಡು. ಕೆಳಗಿನ ಕಪ್ಪು ಗುಡ್ಡವನ್ನು ಲೆಕ್ಕಕ್ಕೆ ಹಿಡಿದು ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸುತ್ತದೆ. ಜೊತೆಗೆ ಬಣ್ಣವನ್ನು ತಾನೇ ಸರಿಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಕೇಸರಿಯನ್ನೇ ದೋಷವೆಂದು ಭಾವಿಸಿ ತಿದ್ದಿಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ‘ಡೇಲೈಟ್’ಗೆ ಇಡಿ, ಇದೊಂದರಿಂದಲೇ ಅರ್ಧ ಬಣ್ಣ ಮರಳುತ್ತದೆ. ಐಎಸ್ಒ (ಬೆಳಕಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ತೆರಪು) ಎಫ್/8, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ಇರಲಿ. ಸೂರ್ಯನನ್ನು ಬಿಟ್ಟು ಪಕ್ಕದ ಆಕಾಶಕ್ಕೆ ಸ್ಪಾಟ್ ಮೀಟರ್ ಮಾಡಿ, ಅಂದರೆ ಆ ಒಂದು ಜಾಗದ ಬೆಳಕನ್ನಷ್ಟೇ ಅಳೆಯಿರಿ. ಇಡೀ ದೃಶ್ಯವನ್ನು ಅಳೆಯುವುದಾದರೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಬೆಳಕು ಅರ್ಧವಾಗುವಷ್ಟು) ಇಳಿಸಿ.

ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯಲ್ಲಿ ಕೆಂಪು ಬಣ್ಣದ ಗೆರೆಯನ್ನು (ಚಾನೆಲ್) ಬೇರೆಯಾಗಿ ನೋಡಲೇಬೇಕು. ಒಟ್ಟು ಗೆರೆ ಸರಿಯಿದ್ದರೂ ಕೆಂಪು ಬಲತುದಿಗೆ ಬಡಿದಿದ್ದರೆ ಮೋಡದ ನೆರಿಗೆಗಳು ಅಳಿಸಿಹೋಗುತ್ತವೆ.

ಸೂರ್ಯ ಮುಳುಗಿದ ಕೂಡಲೇ ಇಳಿಯಬೇಡಿ, ದಯವಿಟ್ಟು! ಎತ್ತರದ ಮೋಡಗಳಿದ್ದರೆ ಮುಂದಿನ 10–20 ನಿಮಿಷವೇ ಗಾಢ ಬಣ್ಣದ ಹೊತ್ತು. ಆಗ ಶಟರ್ ನಿಧಾನವಾಗುವುದರಿಂದ ಟ್ರೈಪಾಡ್ ಬೇಕು. ಗಾಳಿಗೆ ಅಲುಗದಂತೆ ಅದರ ಕಾಲುಗಳನ್ನು ಗಿಡ್ಡವಾಗಿಡಿ, 2 ಸೆಕೆಂಡ್ ಟೈಮರ್ ಹಾಕಿ. ಲೆನ್ಸ್ ಮುಂದಿನ ಯುವಿ ಫಿಲ್ಟರ್ ತೆಗೆಯಿರಿ, ಸೂರ್ಯನ ಪ್ರತಿಬಿಂಬದ ಚುಕ್ಕೆ ಬರುವುದು ಹೆಚ್ಚಾಗಿ ಅದರಿಂದಲೇ.

ಮೊಬೈಲಾದರೆ ಆಕಾಶವನ್ನು ಒತ್ತಿಹಿಡಿದು ಲಾಕ್ ಮಾಡಿ, ಬೆಳಕಿನ ಗುರುತನ್ನು ಕೆಳಗೆಳೆಯಿರಿ.