ಆಪ್ತಸಲಹೆ ಪ್ರಕರಣ: ಆರ್ಟ್ಸ್ ಓದಿದ ಹುಡುಗಿ, ಫೊರೆನ್ಸಿಕ್ ಕನಸು

(ಗುರುತು ಸಿಗದ ಹಾಗೆ ಹೆಸರು ಮತ್ತು ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ಅಪ್ಪ, ಮಗಳು ಇಬ್ಬರನ್ನೂ ಕೇಳಿಯೇ ಬರೆದಿದ್ದೇನೆ.)

2025ರ ಮೇ ಕೊನೆಯ ವಾರ. ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದರು. ಹಿಂದೆ ಮಗಳು. ಸುಮಾ ಅಂತ ಕರೆಯೋಣ. ಪಿಯುಸಿ ಆರ್ಟ್ಸ್ ಮುಗಿಸಿದ್ದಳು, ಅಂಕ ಚೆನ್ನಾಗಿತ್ತು. ಕೂತ ಕೂಡಲೇ ಅಪ್ಪ ಶುರು ಮಾಡಿದರು.

"ಮೇಡಮ್ಮಾರ, ಈಕೀದು ಫೊರೆನ್ಸಿಕ್ ಅಂತ ಒಂದ ಹಟ. ಬಿಎಡ್ ಮಾಡು ಅಂದ್ರ ಕೇಳವಲ್ಲಳು. ಮೊನ್ನೆ ಒಬ್ಬಾಂವ ಸೀಟ್ ಕೊಡಸ್ತೀನಿ ಅಂದ. ಇಪ್ಪತ್ತೈದ ಸಾವಿರ ಕೊಟ್ಟ ಬಂದೀನ್ರಿ. ಈಗ ಎದಿ ಡವಡವ ಅಂತೈತಿ."

ಏಜೆಂಟ್ ಕೊಟ್ಟ ಬಣ್ಣದ ಹಾಳೆಯನ್ನು ಮೇಜಿನ ಮೇಲಿಟ್ಟರು. ಒಂದು ಖಾಸಗಿ ಕಾಲೇಜು, ಬಿಎಸ್ಸಿ ಫೊರೆನ್ಸಿಕ್ ಸೈನ್ಸ್ (ಅಪರಾಧದ ಸಾಕ್ಷ್ಯವನ್ನು ಲ್ಯಾಬಿನಲ್ಲಿ ಪರೀಕ್ಷಿಸುವ ವಿಧಿವಿಜ್ಞಾನ), ಕೆಲಸ ಗ್ಯಾರಂಟಿ. ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ ಕೋರ್ಸು ಅಂತ ಎರಡೂ ಬದಿ ಹುಡುಕಿದೆ, ಎಲ್ಲೂ ಇರಲಿಲ್ಲ. "ಆರ್ಟ್ಸ್ ಆದ್ರೂ ನಡೀತದ" ಅನ್ನೋದು ಬರೀ ಬಾಯಿಮಾತು. ಮಗಳ ಒರಿಜಿನಲ್ ಅಂಕಪಟ್ಟಿಯೂ ಕಾಲೇಜಿನವರ ಹತ್ತಿರವೇ ಇತ್ತು.

ಅಪ್ಪನನ್ನು ಚಹಾ ಕುಡಿದು ಬನ್ನಿ ಅಂತ ಹೊರಗೆ ಕಳಿಸಿದೆ. ಅವರೆದುರು ಹುಡುಗಿ ಬಾಯಿ ಬಿಡುವ ಹಾಗೆ ಕಾಣಲಿಲ್ಲ.

"ಯಾಕ ಫೊರೆನ್ಸಿಕ್, ಸುಮಾ?"

ಟಿವಿ ಧಾರಾವಾಹಿಯ ಹೆಸರು ಬರುತ್ತದೆ ಅಂದುಕೊಂಡಿದ್ದೆ. ಅವಳು ಬ್ಯಾಗಿನಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದಳು.

ಮೂರು ವರ್ಷದ ಹಿಂದೆ ಪಕ್ಕದ ಮನೆಯಲ್ಲಿ ಕಳವು ಆಗಿತ್ತು. ಪೊಲೀಸರು ಬಂದಾಗ ಅವಳ ಅಪ್ಪನೇ ಪಂಚ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದ ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕುವವರು. ಕಟ್ಟೆ ಮೇಲೆ ಕೂತು ಪಂಚನಾಮೆ ಬರೆಯುವಾಗ ಇವಳು ಹಿಂದೆ ನಿಂತು ಓದುತ್ತಿದ್ದಳು. "ಹಿತ್ತಾಳೆ ಬೀಗ" ಅಂತ ಬರೆದರು. ಮುರಿದು ಬಿದ್ದಿದ್ದ ಬೀಗ ಕಬ್ಬಿಣದ್ದು. ಅಪ್ಪನ ಕಿವಿಯಲ್ಲಿ ಹೇಳಿದಳು. "ಸುಮ್ನಿರವಾ" ಅಂದು ಅವರು ಸಹಿ ಹಾಕಿದರು. ಎರಡು ವರ್ಷ ಬಿಟ್ಟು ಕೋರ್ಟಿಗೆ ಸಾಕ್ಷಿ ಕರೆ ಬಂತು. ಸೀಲ್ ಮಾಡಿದ ಲಕೋಟೆಯಿಂದ ಬೀಗ ತೆಗೆದು ಆರೋಪಿ ಪರ ವಕೀಲರು ಕೇಳಿದರು: "ಇದು ಹಿತ್ತಾಳೆಯದಾ, ಕಬ್ಬಿಣದ್ದಾ?" ಅಪ್ಪ ತಡವರಿಸಿದರು. ಅವತ್ತಿನ ಪ್ರಶ್ನೆ, ಉತ್ತರ ಎಲ್ಲ ಆ ನೋಟ್‌ಬುಕ್ಕಿನಲ್ಲಿತ್ತು. ಎಡಗಡೆ ಗೆರೆಯಾಚೆ ಗಂಟೆ, ನಿಮಿಷ ಕೂಡ.

"ಅವತ್ತ ರಾತ್ರಿ ಅಪ್ಪ ಊಟಾ ಮಾಡ್ಲಿಲ್ರಿ ಮೇಡಂ. ಸುಳ್ಳ ಹೇಳಿಲ್ಲ ನಾ, ಆದ್ರ ಸುಳ್ಳ ಹೇಳಿದಂಗ ಆತು ಅಂದ್ರು."

ಆ ನೋಟ್‌ಬುಕ್ಕನ್ನು ತುಂಬಾ ಹೊತ್ತು ತಿರುವಿ ನೋಡಿದೆ. ಈ ಹುಡುಗಿಯ ಮನಸ್ಸು ಇರುವುದು ಕಾಗದದಲ್ಲಿ. ಕಂಡದ್ದನ್ನು ಕಂಡ ಹಾಗೆ ಬರೆಯೋದು, ಅದು ಕೋರ್ಟಿನಲ್ಲಿ ನಿಲ್ಲೋ ಹಾಗೆ ನೋಡಿಕೊಳ್ಳೋದು. ಅದಕ್ಕೆ ಹೊಂದುವ ಓದು ಯಾವುದು ಅಂತ ಗೊತ್ತಿಲ್ಲದೆ, ಕಿವಿಗೆ ಬಿದ್ದ ಒಂದೇ ಹೆಸರನ್ನು ಹಿಡಿದುಕೊಂಡಿದ್ದಳು.

"ದಿನಾ ಲ್ಯಾಬಿನಾಗ ರಕ್ತ, ವಿಷ ಪರೀಕ್ಷೆ ಮಾಡೋದು ಹಿಡಿಸ್ತೈತೇನು?"

"ಕೆಮಿಸ್ಟ್ರಿ ಅಂದ್ರ ಎಸ್ಸೆಸ್ಸೆಲ್ಸಿಯೊಳಗೇ ಹೆದರಿಕಿ ರೀ."

ಅಪ್ಪ ಬಂದ ಮೇಲೆ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದೆ. ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ನಂಥ (ವಿಧಿವಿಜ್ಞಾನ ಪ್ರಯೋಗಾಲಯ) ಲ್ಯಾಬಿನ ಕೆಲಸ ವಿಜ್ಞಾನ ಓದಿದವರದ್ದು. ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ, ನಿಜ. ಆದರೆ ಫೊರೆನ್ಸಿಕ್ ಬಿಎಸ್ಸಿಗೆ ಪಿಯುಸಿಯಲ್ಲಿ ಸೈನ್ಸ್ ಓದಿರಬೇಕು. ಆ ದಾರಿ ಇವಳಿಗಿಲ್ಲ. ಸುಮಾಳ ಮುಖ ಸಣ್ಣದಾಯಿತು. ಹೇಳದೆ ಇದ್ದಿದ್ದರೆ ಆ ಇಪ್ಪತ್ತೈದು ಸಾವಿರದ ಹಿಂದೆ ಇನ್ನೂ ಲಕ್ಷಗಟ್ಟಲೆ ಹೋಗುತ್ತಿತ್ತು.

ಅಪರಾಧಶಾಸ್ತ್ರ ಬೇರೆ. ಅಪರಾಧ ಯಾಕೆ ಆಗುತ್ತದೆ, ಪೊಲೀಸ್, ಕೋರ್ಟು, ಜೈಲು ಹೇಗೆ ನಡೆಯುತ್ತವೆ ಅನ್ನೋದರ ಓದು ಅದು. ಅದಕ್ಕೆ ಆರ್ಟ್ಸ್ ಸಾಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿಎಗೆ ಈ ವಿಷಯ ಇದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ವಿಭಾಗ ಇದೆ.

"ಅದನ್ನ ಓದಿದ್ರ ಪಿಎಸ್‌ಐ ಆಗ್ತಾಳೇನ್ರಿ?" ಅಂದರು ಅಪ್ಪ.

"ಅಣ್ಣಾರ, ಪಿಎಸ್‌ಐ ಪರೀಕ್ಷೆಗೆ ಯಾವ ಡಿಗ್ರಿ ಆದ್ರೂ ನಡೀತೈತಿ. ಇದನ್ನ ಓದಿದ್ರ ಕೆಲಸ ಕೈಗೆ ಬಂತು ಅಂತ ಯಾರಾದ್ರೂ ಅಂದ್ರ ನಂಬಬ್ಯಾಡ್ರಿ."

ಒಂದೇ ಪರೀಕ್ಷೆ ನಂಬಿ ಕೂರಬಾರದು ಅಂತಲೂ ಹೇಳಿದೆ. 2021ರಲ್ಲಿ 545 ಪಿಎಸ್‌ಐ ಹುದ್ದೆಗೆ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಮಕ್ಕಳು ಅಷ್ಟು ದಿನ ಕಾದರು. ಕೆಲವರು ನನ್ನೆದುರೇ ಕೂತು ಅತ್ತಿದ್ದಾರೆ.

ಸುಮಾಳಿಗೆ ನಾನು ಸೂಚಿಸಿದ್ದು ಅಪರಾಧಶಾಸ್ತ್ರದ ಜೊತೆ ಕಾನೂನು. ಕ್ರಿಮಿನಲ್ ಕೇಸಿನಲ್ಲಿ ಸರ್ಕಾರದ ಪರ ವಾದಿಸುವ ಸರ್ಕಾರಿ ಅಭಿಯೋಜಕರಾಗಲು ಎಲ್‌ಎಲ್‌ಬಿ ಬೇಕೇ ಬೇಕು. ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷ ವಕೀಲಿಕೆ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ ಅದೇ ಮೇ ತಿಂಗಳಲ್ಲಿ ಹೇಳಿತ್ತು. ಅವಳ ಕಣ್ಣು ಅರಳಿದ್ದು ಮಾತ್ರ ಹೊಸ ಕಾನೂನಿನ ಮಾತು ಬಂದಾಗ. ಪೊಲೀಸ್ ತನಿಖೆ, ಕೋರ್ಟ್ ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 105ನೇ ಕಲಮಿನ ಪ್ರಕಾರ ಶೋಧನೆ, ಜಪ್ತಿ ಮಾಡುವಾಗ ವಿಡಿಯೊ ತೆಗೆಯಬೇಕು. ಜಪ್ತಿ ಮಾಡಿದ ವಸ್ತುಗಳ ಪಟ್ಟಿ, ಪಂಚರ ಸಹಿ, ಎಲ್ಲವೂ ವಿಡಿಯೊದಲ್ಲಿ ಬರಬೇಕು.

"ಅಂದ್ರ ಬೀಗ ಯಾವ್ದು ಅಂತ ಕಾಣ್ತಿತ್ತಲ್ರಿ!" ಅಂದಳು. ಅಪ್ಪ ಅವಳ ಮುಖವನ್ನೇ ನೋಡಿದರು. ಆ ದಿನವನ್ನು ಮಗಳು ಇಷ್ಟು ಹೊತ್ತುಕೊಂಡಿದ್ದಾಳೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಮಕ್ಕಳ ಜೊತೆ ಕೆಲಸ ಇಷ್ಟವಾದರೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಕೆಲಸಕ್ಕೋ ಹೋಗಬಹುದು ಅಂದೆ. ಅವಳು ಅದರಲ್ಲಿ ಆಸಕ್ತಿ ತೋರಲಿಲ್ಲ.

"ಸರ್ಕಾರಿ ನೌಕರಿ ಸಿಗ್ಲಿಲ್ಲ ಅಂದ್ರ?"

ಅಪ್ಪನ ಈ ಪ್ರಶ್ನೆ ನ್ಯಾಯವಾದದ್ದು. ಬ್ಯಾಂಕುಗಳು, ಹಣ ಪಾವತಿ ಆ್ಯಪ್‌ಗಳು, ವಿಮಾ ಕಂಪನಿಗಳು ವಂಚನೆ ಹಿಡಿಯಲೆಂದೇ ಜನ ಇಟ್ಟುಕೊಂಡಿವೆ. ಬೆಂಗಳೂರಿನಲ್ಲಿ ಇಂಥ ಕೆಲಸ ಸಾಕಷ್ಟಿದೆ. ಕೂಲಿ ಮಾಡುವವರ ಖಾತೆಗೆ ಒಂದೇ ಮಧ್ಯಾಹ್ನ ನಲವತ್ತು ಕಡೆಯಿಂದ ದುಡ್ಡು ಬಂದು, ಗಂಟೆಯೊಳಗೆ ಎಲ್ಲಾ ಖಾಲಿಯಾದರೆ ಅದನ್ನು ಗುರುತಿಸಬೇಕು. ಯಾಕೆ ಅನುಮಾನ ಬಂತು ಅಂತ ಸ್ಪಷ್ಟವಾಗಿ ವರದಿ ಬರೆಯಬೇಕು. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಪ್ರಕಾರ ಬ್ಯಾಂಕು ಅದನ್ನು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ಕಳಿಸಬೇಕಾಗುತ್ತದೆ. ಆದರೆ ಈ ಕೆಲಸದ ಜಾಹೀರಾತಿನಲ್ಲಿ ಅಪರಾಧಶಾಸ್ತ್ರ ಅನ್ನೋ ಪದ ಕಾಣೋದು ಅಪರೂಪ. ಎಕ್ಸೆಲ್, ಲೆಕ್ಕಪತ್ರದ ತಿಳಿವಳಿಕೆ, ಇಂಗ್ಲಿಷ್‌ನಲ್ಲಿ ನೆಟ್ಟಗೆ ಬರೆಯೋದು ಕೇಳುತ್ತಾರೆ. ಹಾಗಾಗಿ ಮೊದಲ ವರ್ಷದಿಂದಲೇ ಅವನ್ನು ಕಲಿಯಲು ಹೇಳಿದೆ. ಸುಮಾಳ ಇಂಗ್ಲಿಷ್ ಸ್ವಲ್ಪ ಹಿಂದೆ. ಕೋರ್ಟಿನ ತೀರ್ಪು ದಿನಕ್ಕೊಂದು ಪುಟ ಓದು, ನಾಲ್ಕು ಸಾಲಿನಲ್ಲಿ ನಿನ್ನ ಮಾತಲ್ಲಿ ಬರಿ ಅಂದೆ.

ಇನ್ನು ಕಟ್ಟಿದ ದುಡ್ಡು. ಕಾಲೇಜಿಗೆ ಫೋನ್ ಮಾಡಿ ಕೋರ್ಸಿನ ಮಾನ್ಯತೆ ಪತ್ರ ಕೇಳಿಸಿದೆ. "ಬರ್ತದೆ" ಅಂದರು. ಬಂದಿಲ್ಲ ಅಂತ ಅರ್ಥ, ಅಲ್ವಾ? ಅಲ್ಲೇ ಕೂತು ಅರ್ಜಿ ಬರೆದೆವು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಧಿಸೂಚನೆ ಪ್ರಕಾರ ಪ್ರವೇಶದ ಕೊನೆ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಪೂರ್ತಿ ಶುಲ್ಕ ವಾಪಸ್ ಕೊಡಬೇಕು. ಶೇ 5ರಷ್ಟು, ಅದೂ 5,000 ರೂಪಾಯಿ ಮೀರದಂತೆ, ಮಾತ್ರ ಹಿಡಿದುಕೊಳ್ಳಬಹುದು. ಒರಿಜಿನಲ್ ಅಂಕಪಟ್ಟಿ ಇಟ್ಟುಕೊಳ್ಳುವ ಹಕ್ಕೇ ಕಾಲೇಜಿಗಿಲ್ಲ. ಅರ್ಜಿಯ ಇನ್ನೊಂದು ಪ್ರತಿ ಮೇಲೆ ಸೀಲು, ಸಹಿ ಹಾಕಿಸಿಕೊಂಡೇ ಬನ್ನಿ ಅಂತ ಎರಡೆರಡು ಸಲ ಹೇಳಿ ಕಳಿಸಿದೆ. ಅಂಕಪಟ್ಟಿ ನಾಲ್ಕು ದಿನಕ್ಕೆ ಬಂತು. ದುಡ್ಡಿಗೆ ಮೂರು ಸಲ ಓಡಾಡಬೇಕಾಯಿತು. ಕೊನೆಗೆ 23,750 ರೂಪಾಯಿ ಖಾತೆಗೆ ಬಿತ್ತು.

ಒಂದು ವಿಷಯದಲ್ಲಿ ಅವರು ನನ್ನ ಮಾತು ಬಿಟ್ಟರು. ಪಿಯುಸಿ ಮೇಲೆ ನೇರವಾಗಿ ಐದು ವರ್ಷದ ಕಾನೂನು ಪದವಿ ಸೇರಲಿ, ಒಂದು ವರ್ಷ ಉಳಿಯುತ್ತದೆ ಅಂತ ನನ್ನ ಅಭಿಪ್ರಾಯ. ಮೂರು ವರ್ಷಕ್ಕೆ ಒಂದು ಡಿಗ್ರಿ ಕೈಯಲ್ಲಿದ್ದರೆ ಪರೀಕ್ಷೆ ಬರೀಬಹುದು, ಮನೆ ಪರಿಸ್ಥಿತಿ ಹೆಂಗಿರ್ತೈತೋ ಅಂದರು ಅಪ್ಪ. ಅವರ ಮನೆ ಅವರಿಗೆ ಗೊತ್ತು, ನಾನು ಒತ್ತಾಯ ಮಾಡಲಿಲ್ಲ. ಸುಮಾ ಅಪರಾಧಶಾಸ್ತ್ರ ಇರುವ ಬಿಎ ಸೇರಿ ಹಾಸ್ಟೆಲ್‌ನಲ್ಲಿದ್ದಾಳೆ. ಎಲ್‌ಎಲ್‌ಬಿ ಆಮೇಲೆ.

ಮೊನ್ನೆ ಫೋನ್ ಮಾಡಿದ್ದಳು. ಕ್ಲಾಸಿನಲ್ಲಿ ಪಂಚನಾಮೆ ಬರೆಯುವ ಅಭ್ಯಾಸ ಕೊಟ್ಟಿದ್ದರಂತೆ. ಹಾಸ್ಟೆಲ್ ಕೋಣೆಯ ಬೀಗದ ಮೇಲೆಯೇ ಅರ್ಧ ಪುಟ ಬರೆದಿದ್ದಾಳೆ. ಯಾವ ಲೋಹ, ಯಾವ ಕಂಪನಿ, ಎಷ್ಟು ಉದ್ದ, ತುಕ್ಕು ಎಲ್ಲಿದೆ, ಕೀಲಿ ಹಾಕುವ ಕಡೆ ಎಷ್ಟು ಗೀರು.

"ಅಪ್ಪಗ ಫೋನಿನಾಗ ಪೂರ್ತಿ ಓದಿ ಹೇಳಿದೆ ರೀ ಮೇಡಂ. ತಾರೀಖು ಹಾಕೀಯೇನವಾ ಅಂತ ಕೇಳಿದ್ರು. ಹಾಕಿದ್ದಿಲ್ಲ ನೋಡ್ರಿ, ಆಮ್ಯಾಲೆ ಹಾಕಿದೆ."