ಡಿಲೀಟ್ ಲಿಂಕ್ ಒತ್ತಿದಾಗ "ಖಂಡಿತವೇ?" ಅಂತ ಕೇಳುವ ಬಾಕ್ಸ್ ಹಾಕುವುದು ಹೇಗೆ?

ಒಂದು ಸಾಲಿನ ಕೆಲಸ. ಲಿಂಕಿನ ಆನ್‌ಕ್ಲಿಕ್‌ನಲ್ಲಿ ಜಾವಾಸ್ಕ್ರಿಪ್ಟಿನ ಕನ್ಫರ್ಮ್ ಕರೆಯಿರಿ, ಫಾಲ್ಸ್ (ಅಂದರೆ "ಬೇಡ") ಬಂದರೆ ಮುಂದೆ ಹೋಗದ ಹಾಗೆ ತಡೆಯಿರಿ. ನಾನೂ ಅಷ್ಟು ಮಾಡಿ, ಕೆಲಸ ಮುಗಿಯಿತು ಅಂತ ನೆಮ್ಮದಿಯಾಗಿ ಮನೆಗೆ ಹೋಗಿದ್ದೆ.

ಮುಂಬೈಯ ಮಾಟುಂಗದಲ್ಲಿ ನಮ್ಮೂರಿನವರದ್ದೇ ಒಂದು ಉಡುಪಿ ಹೋಟೆಲು. ಸುತ್ತಲಿನ ಆಫೀಸುಗಳಿಗೆ ತಿಂಡಿ ಕಳಿಸಿ ತಿಂಗಳ ಕೊನೆಗೆ ಬಿಲ್ ಮಾಡುತ್ತಾರೆ. ಆ ಉದ್ರಿ ಲೆಕ್ಕಕ್ಕೆ ಪಿಎಚ್‌ಪಿಯಲ್ಲಿ ಪುಟ್ಟ ಅಪ್ಲಿಕೇಶನ್ ಬರೆದುಕೊಟ್ಟಿದ್ದೆ. ಒಂದು ಆಫೀಸಿನ ಹೆಸರು ಎರಡು ಸಲ ಸೇರಿಬಿಟ್ಟಿತ್ತು. ಒಂದು ಖಾಲಿ, ಇನ್ನೊಂದರಲ್ಲಿ ಏಳು ತಿಂಗಳ ಲೆಕ್ಕ. ಗಲ್ಲಾದಲ್ಲಿದ್ದ ಶೆಟ್ರು ಖಾಲಿಯದನ್ನು ತೆಗೆಯಲು ಹೋದರು. "ಖಂಡಿತ ಅಳಿಸಬೇಕೇ?" ಅಂತ ಬಾಕ್ಸ್ ಕೇಳಿತು. ಎಂಟರ್ ಒತ್ತಿದರು. ಹೋದದ್ದು ಲೆಕ್ಕ ಇದ್ದ ಸಾಲು.

ಇಂಥದ್ದು ಆದಾಗ ನಾವೆಲ್ಲ "ಯೂಸರ್ ಓದದೆ ಒತ್ತಿದ" ಅಂತ ಜಾರಿಕೊಳ್ಳುತ್ತೇವೆ. ಶೆಟ್ರು ಓದಿದ್ದರು. ಅಳಿಸಬೇಕು ಅನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟರು. ಯಾವುದನ್ನು ಅಂತ ನನ್ನ ಬಾಕ್ಸ್ ಹೇಳಲೇ ಇಲ್ಲ. ಹೆಸರು ತೋರಿಸಿದ್ದರೂ ಪ್ರಯೋಜನವಿರಲಿಲ್ಲ, ಎರಡರದ್ದೂ ಅದೇ ಹೆಸರು ಅಲ್ವಾ! "ಇದರ ಜೊತೆ 163 ಎಂಟ್ರಿ ಹೋಗುತ್ತವೆ" ಅಂದಿದ್ದರೆ ಕೈ ನಿಲ್ಲುತ್ತಿತ್ತು. ಸಾಲದ್ದಕ್ಕೆ ಟೇಬಲ್‌ಗೆ ಆನ್ ಡಿಲೀಟ್ ಕ್ಯಾಸ್ಕೇಡ್ ಹಾಕಿದ್ದೆ. ಗಿರಾಕಿ ಹೋದ, ಅವನ ಹಿಂದೆ ಅಷ್ಟೂ ಎಂಟ್ರಿ ಹೋದವು. ಬಾಕ್ಸ್ ಇದೆಯಲ್ಲ ಅನ್ನುವ ಧೈರ್ಯಕ್ಕೇ ಅದನ್ನು ಹಾಕಿದ್ದು ನಾನು.

ಬ್ಯಾಕಪ್ ಪ್ರತಿ ಭಾನುವಾರ. ಇದು ನಡೆದದ್ದು ಶನಿವಾರ ರಾತ್ರಿ. ಹಳೆಯದು ಸಿಕ್ಕಿತು, ಆ ವಾರದ್ದು ಸಿಗಲಿಲ್ಲ. ಶೆಟ್ರು ಬೈಯಲಿಲ್ಲ. "ಎಂತ ಮಾರಾಯ, ಅದು ಕೇಳಿತು, ನಾನು ಹೂಂ ಅಂದೆ" ಅಂದರು ಅಷ್ಟೇ. ಆಮೇಲೆ ಕಂಬಿಗೆ ಚುಚ್ಚಿಟ್ಟಿದ್ದ ಆರ್ಡರ್ ಚೀಟಿಗಳನ್ನು ಕಿತ್ತು ನನ್ನ ಮುಂದೆ ಇಟ್ಟರು. ವಡೆಯ ಎಣ್ಣೆ ಕುಡಿದು 3 ಯಾವುದು 8 ಯಾವುದು ಗೊತ್ತಾಗುತ್ತಿರಲಿಲ್ಲ. ಬೆಳಗಿನ ಜಾವದ ತನಕ ಕೂತು ಟೈಪ್ ಮಾಡಿದೆ. ನನಗೆ ಬರಬೇಕಿದ್ದ ಬಾಕಿ ಕೇಳುವ ಮುಖ ಉಳಿಯಲಿಲ್ಲ.

ಹಾಗಾಗಿ ನನ್ನ ಕೇಳಿದರೆ ಬಾಕ್ಸ್ ಹಾಕಲೇಬೇಡಿ. ಡಿಲೀಟ್ ಆದ ಸಮಯ ಬರೆಯಲು ಟೇಬಲ್‌ನಲ್ಲಿ ಒಂದು ಕಾಲಂ ಇಡಿ. ಅದು ತುಂಬಿದ ಸಾಲನ್ನು ಪಟ್ಟಿಯಲ್ಲಿ ತೋರಿಸಬೇಡಿ. ಪಕ್ಕದಲ್ಲೇ "ವಾಪಸ್ ತನ್ನಿ" ಬಟನ್ ಕೊಡಿ. ನಿಜವಾಗಿಯೂ ಶಾಶ್ವತವಾಗಿ ಹೋಗುವಂಥದ್ದಿದ್ದರೆ ಮಾತ್ರ ಕೇಳಿ, ಅದೂ ಕೋಡ್ ಇಡುವ ತಾಣ ಗಿಟ್‌ಹಬ್‌ನವರು ರೆಪಾಸಿಟರಿ (ಒಂದು ಪ್ರಾಜೆಕ್ಟಿನ ಕೋಡ್ ಸಂಗ್ರಹ) ಅಳಿಸುವಾಗ ಅದರ ಹೆಸರನ್ನೇ ಟೈಪ್ ಮಾಡಿಸುವ ಹಾಗೆ. ಬೂಟ್‌ಸ್ಟ್ರಾಪ್ ಲೈಬ್ರರಿಯ ಮೋಡಲ್ ಬಾಕ್ಸ್ ಚಂದವೋ ಬ್ರೌಸರಿನದ್ದು ಚಂದವೋ ಅನ್ನುವ ಚರ್ಚೆ ಸುಮ್ನೆ.

ಇನ್ನೊಂದು. ನಿಮ್ಮದು ಡಿಲೀಟ್ "ಲಿಂಕ್" ಅಂತ ಬರೆದಿದ್ದೀರಿ. 2005ರಲ್ಲಿ ಗೂಗಲ್‌ನ ವೆಬ್ ಆಕ್ಸಿಲರೇಟರ್ ಅನ್ನುವ ತಂತ್ರಾಂಶ, ಪುಟಗಳು ಬೇಗ ತೆರೆಯಲಿ ಅಂತ, ಪುಟದಲ್ಲಿದ್ದ ಲಿಂಕುಗಳನ್ನು ಮುಂಚಿತವಾಗಿ ತಾನೇ ತೆರೆದು ನೋಡುತ್ತಿತ್ತು. ಡಿಲೀಟ್ ಲಿಂಕನ್ನೂ ಬಿಡಲಿಲ್ಲ, ಕೆಲವರ ಡೇಟಾ ಹಾಗೇ ಹೋಯಿತು. ಅದು ಕ್ಲಿಕ್ ಮಾಡುವುದೇ ಇಲ್ಲವಲ್ಲ, ಕನ್ಫರ್ಮ್ ಬಾಕ್ಸ್ ಯಾರನ್ನು ಕೇಳಬೇಕು? ಇಂಥವು ಲಿಂಕ್ ತೆರೆಯುತ್ತವೆ, ಫಾರ್ಮ್ ಕಳಿಸುವುದಿಲ್ಲ. ಇವತ್ತೇ ಅದನ್ನು ಪೋಸ್ಟ್ ಆಗುವ ಫಾರ್ಮ್ ಮಾಡಿ, ಉಳಿದದ್ದು ಆಮೇಲೆ.