ಜರ್ಮನಿಗೆ ಹೊರಟ ತೀರ್ಥಹಳ್ಳಿಯ ತಂಗಿಗೆ

ಅಕ್ಟೋಬರಿನಲ್ಲಿ ಓದಲು ಹೊರಟಿದ್ದೀಯ, ‘ಅಲ್ಲಿಯವರು ದುಂದಿನವರೋ ಜುಗ್ಗರೋ, ನಾನು ಏನು ಬಿಡಬೇಕು, ಏನು ಕಲಿಯಬೇಕು’ ಅಂತ ಕೇಳಿದ್ದೀಯ. ಹದಿನಾಲ್ಕು ವರ್ಷದಿಂದ ಅಲ್ಲಿದ್ದೇನೆ. ಈಗ ರಜೆಗೆ ಹೊಸನಗರದ ಹತ್ತಿರದ ನಮ್ಮನೆಗೆ ಬಂದಿದ್ದೇನೆ. ಹೊರಗೆ ಜಡಿಮಳೆ, ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ನೀರಿನ ಮಾತು. ನಮ್ಮನೆಗೆ ಗುಡ್ಡದಿಂದ ಅಬ್ಬಿ ನೀರು. ನಾನು ಸಣ್ಣವನಿದ್ದಾಗ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಹಗಲೂ ರಾತ್ರಿಯೂ ಸುರಿಯುತ್ತದೆ, ಯಾರೂ ನಿಲ್ಲಿಸುವುದಿಲ್ಲ. ತೊಟ್ಟಿ ತುಂಬಿ ಚೆಲ್ಲಿದ್ದು ಬಸಳೆ ಚಪ್ಪರದ ಬುಡ ಹಾದು ತೋಟಕ್ಕಿಳಿಯುತ್ತದೆ. ಹಾಗಾಗಿ ನಲ್ಲಿ ತಿರುಪುವ ಅಭ್ಯಾಸವೇ ನನಗಿರಲಿಲ್ಲ. ಅಲ್ಲಿ ನಲ್ಲಿ ಬಿಟ್ಟುಕೊಂಡೇ ಪಾತ್ರೆ ತೊಳೆಯುತ್ತಿದ್ದೆ. ಜೊತೆಗಿದ್ದವನು ಬಂದು ನಿಲ್ಲಿಸಿ, ಸಿಂಕಿನಲ್ಲಿ ನೀರು ತುಂಬಿಸಿಕೊಂಡು ತೊಳೆ ಅಂದ. ಅಲ್ಲಿ ಬರುವ ನೀರಿಗೂ ದುಡ್ಡು, ಹೋಗುವ ಕೊಳೆನೀರಿಗೂ ದುಡ್ಡು, ಕಾಯಿಸಿದ್ದಕ್ಕೆ ಬೇರೆ. ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುರುಕಿ ಹಂಡೆಗಟ್ಟಲೆ ಮಿಂದವರಿಗೆ ಇದು ಒಗ್ಗಲು ಸಮಯ ಬೇಕು.

ಮೊದಲ ಚಳಿಗಾಲ ಹೀಟರ್ ಹಾಕಿ, ಉಸಿರು ಕಟ್ಟುತ್ತದೆಂದು ಕಿಟಕಿ ಓರೆ ಮಾಡಿಟ್ಟೆ. ವರ್ಷದ ಲೆಕ್ಕ ಬಂದಾಗ ಒಂದು ತಿಂಗಳ ಊಟದಷ್ಟು ಹೆಚ್ಚು ಕಟ್ಟಿದೆ. ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆಗೆದು, ಐದು ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚು. ಗಾಳಿಯಾಡಿಸದಿದ್ದರೆ ಗೋಡೆಗೆ ಬೂಷ್ಟು ಬರುತ್ತದೆ. ಬೂಷ್ಟು ಅಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಬಾಟಲಿಗೆ ‘ಪ್ಫಾಂಡ್’ ಎಂಬ ಠೇವಣಿ ಇದೆ. ಒಂದೇ ಸಲ ಬಳಸುವ ಬಾಟಲಿ, ಕ್ಯಾನಿಗೆ 25 ಸೆಂಟು. ಮತ್ತೆ ತುಂಬಿಸುವ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8. ಖಾಲಿಯಾದದ್ದನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಠೇವಣಿ ವಾಪಸ್ಸಿನ ಚೀಟಿ ಬರುತ್ತದೆ. ಅಮುಕಿ ಚಪ್ಪಟೆ ಮಾಡಬೇಡ, ಯಂತ್ರ ತಗೊಳ್ಳುವುದಿಲ್ಲ. ಕಸದ ಡಬ್ಬಿಯ ಪಕ್ಕ ಕೆಲವರು ಖಾಲಿ ಬಾಟಲಿ ನಿಲ್ಲಿಸಿ ಹೋಗುತ್ತಾರೆ. ಹೆಕ್ಕಿ ಬದುಕುವವರು ಕಸಕ್ಕೆ ಕೈ ಹಾಕುವಂತಾಗಬಾರದು ಅಂತ. ಅಂಥ ಶ್ರೀಮಂತ ದೇಶದಲ್ಲಿ ಮುದುಕರು ಬಾಟಲಿ ಹೆಕ್ಕುವುದನ್ನು ಕಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಅವರನ್ನು ಜುಗ್ಗರೆನ್ನಬೇಡ, ಪುಣ್ಯವಂತರೆಂದೂ ತಿಳಿಯಬೇಡ. ಸೌತೆಕಾಯಿಗೂ ಪ್ಲಾಸ್ಟಿಕ್ ಸುತ್ತಿ ಮಾರುವುದನ್ನು ಅಲ್ಲೇ ನೋಡಿದ್ದು. ಆದರೆ ಮಿಕ್ಕಿದ್ದು ಎಲ್ಲಿಗೆ ಹೋಗಬೇಕೆಂದು ಅವರು ಡಬ್ಬಿಯ ಬಣ್ಣದಲ್ಲೇ ಬರೆದಿಟ್ಟಿದ್ದಾರೆ. ಅಮ್ಮನಿಗೂ ಎಲ್ಲದರ ದಾರಿ ಗೊತ್ತಿತ್ತು: ಅಕ್ಕಿ ತೊಳೆದ ನೀರು ದನ ಕುಡಿಯುವ ಅಕ್ಕಚ್ಚಿಗೆ, ಉಂಡ ಬಾಳೆಲೆ ಕೊಟ್ಟಿಗೆಗೆ, ಒಲೆಯ ಬೂದಿ ಪಾತ್ರೆ ಬೆಳಗಲು. ಚಿಪ್ಸಿನ ಪೊಟ್ಟಣಕ್ಕೆ ಮಾತ್ರ ಅವಳ ಹತ್ತಿರ ದಾರಿಯಿಲ್ಲ, ನಿನ್ನೆ ಬಚ್ಚಲೊಲೆಗೆ ಹಾಕಿದಳು. 2016ರಲ್ಲೇ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಚೀಲ ನಿಷೇಧವಾಯಿತು. ಮೊನ್ನೆ ಮದುವೆಮನೆಯ ಹಿಂದಿನ ಹೊಂಡದಲ್ಲಿ ಅವೇ ತೇಲುತ್ತಿದ್ದವು. ನೋಡಿ ಮಾತೇ ಹೊರಡಲಿಲ್ಲ.

ಹೋದ ದಿನವೇ ಯಾವ ಡಬ್ಬಿಗೆ ಏನು ಎಂದು ಮನೆಯವರನ್ನು ಕೇಳಿಕೋ. ಬಟ್ಟೆಯ ಚೀಲ ಎರಡು ಇಟ್ಟುಕೋ. ಭಾನುವಾರ ಗಾಜು ಹಾಕುವ ಡಬ್ಬಿಗೆ ಬಾಟಲಿ ಹಾಕಬೇಡ, ಸದ್ದಾಗುತ್ತದೆಂದು ಬೈಯುತ್ತಾರೆ.